ಬೆಳಕು ತೂಗಿದ ಬೋರಣ್ಣ

ಕರಿಕಲ್ಲು ಗುಡ್ಡದ ಬುಡದಲ್ಲಿ ಒಂದು ಕೊಳವಿತ್ತು. ಬೇಸಿಗೆಯಲ್ಲಿ ಬಾಲ ಮುದುರಿಕೊಂಡು ಬಿದ್ದಿರುತ್ತಿದ್ದ ಆ ಕೊಳಕ್ಕೆ ಮಳೆ ಬಂದರೆ ಸಾಕು, ಎಲ್ಲಿಲ್ಲದ ಧಿಮಾಕು. ತಾನೇ ದೊಡ್ಡ ಕೆರೆ ಅನ್ನುವ ಹಾಗೆ ಉಬ್ಬಿಬಿಡುತ್ತಿತ್ತು. ಅದರ ಒಂದು ಕಡೆ ಎತ್ತರದ ದಿಬ್ಬ, ಇನ್ನೊಂದು ಕಡೆ ತಗ್ಗಿನಲ್ಲಿ ಜೊಂಡು ಹುಲ್ಲು. ಆ ಜೊಂಡಿನಲ್ಲಿ ಮಿಣುಕುಹುಳುಗಳು ಬಿಡಾರ ಮಾಡಿಕೊಂಡಿದ್ದವು.

ಮಿಣುಕುಹುಳು ಅಂದಮೇಲೆ ಹಾರಬೇಕಲ್ಲ ಅನ್ನುತ್ತೀರಾ, ಮಕ್ಕಳೇ? ಇವು ಹಾರುವುದಿಲ್ಲ. ಇವೆಲ್ಲ ಹೆಣ್ಣುಹುಳುಗಳು, ಈ ಜಾತಿಯ ಹೆಣ್ಣುಗಳಿಗೆ ರೆಕ್ಕೆಯೇ ಬರುವುದಿಲ್ಲ. ಹೊಟ್ಟೆಯಡಿ ದೀಪ ಇಟ್ಟುಕೊಂಡು ತೆವಳುವುದಷ್ಟೇ ಗೊತ್ತು. ನೀರು ದಾಟಬೇಕೆಂದರೆ ಅಂಬಿಗನೇ ಗತಿ.

ಆ ಅಂಬಿಗ ಕಪ್ಪೆ ಬೋರಣ್ಣ. ಬೇಲದ ಹಣ್ಣಿನ ಅರ್ಧ ಚಿಪ್ಪು ಅವನ ಹರಿಗೋಲು. ಹುಳುಗಳನ್ನು ಅದರಲ್ಲಿ ಕೂರಿಸಿ, ತಾನು ನೀರಿಗಿಳಿದು, ಹಿಂದಿನಿಂದ ಮೂತಿಯಲ್ಲಿ ತಳ್ಳಿಕೊಂಡು ಹೋಗುತ್ತಿದ್ದ. ಕಪ್ಪೆ ಹುಳ ತಿನ್ನುವುದಿಲ್ಲವೇ ಎಂದು ನನ್ನನ್ನು ಕೇಳಬೇಡಿ. ಮಿಣುಕುಹುಳು ಬೇವಿಗಿಂತ ಕಹಿ. ಬೋರಣ್ಣ ಚಿಕ್ಕವನಿದ್ದಾಗ ಒಮ್ಮೆ ಆಸೆಪಟ್ಟು ಬಾಯಿಗೆ ಹಾಕಿಕೊಂಡು ಸಂಜೆಯವರೆಗೂ ಥೂ ಥೂ ಎಂದು ಉಗಿದಿದ್ದ. ಆಮೇಲೆ ಆ ಕಡೆ ನಾಲಿಗೆ ಚಾಚಿದವನಲ್ಲ.

ಬೋರಣ್ಣ ಒಳ್ಳೆಯವನೇ. ಆದರೆ ಅವನಿಗೆ ತನ್ನ ಕಣ್ಣಳತೆಯ ಮೇಲೆ ವಿಪರೀತ ಜಂಬ. ನೀರಿನಲ್ಲಿ ಮುಳುಗಿ ಚಿಪ್ಪಿನ ಹಿಂದೆ ನಿಂತರೆ ಅವನಿಗೆ ಒಳಗೆ ಯಾರಿದ್ದಾರೆ, ಎಷ್ಟು ಜನ ಇದ್ದಾರೆ ಒಂದೂ ಕಾಣುತ್ತಿರಲಿಲ್ಲ. ಅಂಚಿನ ಮೇಲಿಂದ ಚೆಲ್ಲುವ ಬೆಳಕೊಂದೇ ಕಾಣುತ್ತಿತ್ತು. ಅದನ್ನು ನೋಡಿಯೇ ಅವನು ತೂಕ ಹೇಳುತ್ತಿದ್ದ. ಮೂರು ದೊಡ್ಡ ಹುಳುಗಳು ಕೂತರೆ ಎಷ್ಟು ಬೆಳಕೋ ಅಷ್ಟು ಬೆಳಕೇ ಒಂದು ಹೊರೆ. ಅದಕ್ಕಿಂತ ಹೆಚ್ಚಾದರೆ, "ಇಳೀರಿ, ಇಳೀರಿ, ಭಾರ ಆಯ್ತು" ಅನ್ನುತ್ತಿದ್ದ. ಕಡಿಮೆಯಾದರೆ, "ಇನ್ನೂ ಜಾಗ ಇದೆ, ಬನ್ನಿ" ಅನ್ನುತ್ತಿದ್ದ.

ಈ ಲೆಕ್ಕ ಒಮ್ಮೆಯೂ ತಪ್ಪಿರಲಿಲ್ಲ. ಯಾಕೆ ಗೊತ್ತೇ? ಅಲ್ಲಿಯವರೆಗೆ ದಿಬ್ಬಕ್ಕೆ ಹೋಗಿ ಬರುತ್ತಿದ್ದವರೆಲ್ಲ ಹೊನ್ನಾಜಮ್ಮನಂಥ ದಪ್ಪ ದಪ್ಪ ಹುಳುಗಳು. ಹೊನ್ನಾಜಮ್ಮ ಹೊಟ್ಟೆ ಬೆಳಗಿಸಿದರೆ ಜೊಂಡಿನ ಎಳೆ ಎಳೆಯೂ ಕಾಣುತ್ತಿತ್ತು. ಸಣ್ಣ ಹುಳುಗಳು ಪಾಪ, ಜೊಂಡು ಬಿಟ್ಟು ಹೋದದ್ದೇ ಇಲ್ಲ. ಅವುಗಳ ದೀಪವೂ ಮಂಕು. ಪಕ್ಕದಲ್ಲಿ ಕೂತವರಿಗೆ ಕಂಡರೆ ಹೆಚ್ಚು.

"ಅವೆಲ್ಲ ಬರೀ ಹೊಟ್ಟು. ಒಂದು ಬೊಗಸೆ ತುಂಬಿದರೂ ತೂಕಕ್ಕೆ ಬರಲ್ಲ" ಎನ್ನುತ್ತಿದ್ದ ಬೋರಣ್ಣ. ಹೊನ್ನಾಜಮ್ಮ ಈ ಮಾತು ಕೇಳಿ ಇನ್ನಷ್ಟು ಬೆಳಗುತ್ತಿದ್ದಳು.

ಆ ವರ್ಷ ಮಳೆ ಹಿಡಿದದ್ದು ಬಿಡಲಿಲ್ಲ. ಒಂದು ಮುಸ್ಸಂಜೆ ಗುಡ್ಡದ ನೀರೆಲ್ಲ ಕೆಂಪಗೆ ಇಳಿದು ಬಂತು. ಕೊಳ ಉಬ್ಬಿತು. ಜೊಂಡಿನ ಬುಡಕ್ಕೆ ನೀರು ಹತ್ತಿತು. ಹುಳುಗಳು ಎಲೆಯ ತುದಿಗೆ ಹತ್ತಿ ಕೂಗಿಕೊಂಡವು, "ಬೋರಣ್ಣ, ಓ ಬೋರಣ್ಣ! ಮುಳುಗಿ ಹೋಗ್ತೀವಿ, ಬೇಗ ಬಾರಪ್ಪಾ!"

ಬೋರಣ್ಣ ಚಿಪ್ಪು ತಳ್ಳಿಕೊಂಡು ಓಡಿ ಬಂದ. ಯಾವಾಗಲೂ ಮುಂದೆ ನಿಲ್ಲುವುದು ದೊಡ್ಡವರೇ ತಾನೇ? ಹೊನ್ನಾಜಮ್ಮ ಮತ್ತು ಅವಳ ಜೊತೆಯವರು ಮೂರು ಮೂರಾಗಿ ಕೂತು ಸಲೀಸಾಗಿ ದಿಬ್ಬ ಸೇರಿದರು. ಆಮೇಲೆ ಬಂತು ಸಣ್ಣವರ ಸರದಿ. ಎಲೆ ಎಲೆಗೂ ಹುಳುಗಳು ಜೋತಾಡುತ್ತಿದ್ದವು. ಎಲ್ಲರಿಗಿಂತ ಮುಂದೆ ಇದ್ದವಳು ನಿಂಗಿ ಎಂಬ ಮರಿಹುಳು, ಅವಳ ಪಕ್ಕದಲ್ಲಿ ಅವಳ ಅಕ್ಕ.

ಬೋರಣ್ಣ ಚಿಪ್ಪನ್ನು ದಡದ ಕೆಸರಿನ ಮೇಲೆ ಊರಿ ನಿಲ್ಲಿಸಿದ. ಸಣ್ಣವು ಒಂದೊಂದೇ ಇಳಿದು ಕೂತವು. ಬೋರಣ್ಣ ಹಿಂದಿನಿಂದ ಇಣುಕಿದ. ಅಂಚಿನ ಮೇಲೆ ಬೆಳಕು ಇದೆಯೋ ಇಲ್ಲವೋ ಅನ್ನುವಷ್ಟು.

"ಇಷ್ಟೇನಾ? ಬನ್ನಿ, ಬನ್ನಿ. ಇನ್ನೂ ಬನ್ನಿ!"

"ಬೋರಣ್ಣ, ಜಾಗ ಇಲ್ಲ" ಎಂದಳು ನಿಂಗಿ.

"ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ. ಒಬ್ಬರ ಮೇಲೊಬ್ಬರು ಕೂತ್ಕೊಳ್ಳಿ. ನೀವೆಲ್ಲ ಸೇರಿದರೂ ಅರ್ಧ ಹೊರೆ ಆಗಿಲ್ಲ."

ದಡದ ಕಲ್ಲಿನಡಿ ಏಡಿ ಕೆಂಚವ್ವನ ಮನೆ. ಅವಳ ಬಾಯಿ ಜೋರು, ಮನಸ್ಸು ಒಳ್ಳೆಯದು. ಅವಳು ಕಣ್ಣು ಹೊರಗೆ ಚಾಚಿ ನೋಡಿದಳು. "ಅಲ್ಲ ಕಣಣ್ಣ, ಚಿಪ್ಪು ಕೆಸರಲ್ಲಿ ಕಚ್ಚಿಕೊಂಡು ಕೂತಿದೆ. ನೀರು ಬಡಿದರೂ ಅಲ್ಲಾಡ್ತಿಲ್ಲ. ಭಾರ ಆಗಿರಬೇಕು ನೋಡು."

"ಕೆಂಚವ್ವ, ಅಡ್ಡಡ್ಡ ನಡೆಯೋಳು ನೀನು, ನನಗೆ ನೆಟ್ಟಗಿನ ದಾರಿ ಹೇಳ್ತೀಯಾ? ಬೆಳಕು ನೋಡು ಎಷ್ಟಿದೆ! ಹೊನ್ನಾಜಮ್ಮ ಒಬ್ಬರ ಬೆಳಕಿಗಿಂತ ಒಂದಿಷ್ಟು ಹೆಚ್ಚಿರಬಹುದು ಅಷ್ಟೆ. ನನ್ನ ಕಣ್ಣೇ ತಕ್ಕಡಿ."

"ಆಯ್ತಪ್ಪ, ನಿನ್ನ ತಕ್ಕಡಿ ನಿನಗೇ ಇರಲಿ" ಎಂದು ಕೆಂಚವ್ವ ಮುಖ ತಿರುಗಿಸಿದಳು.

ಬೋರಣ್ಣ ಹಿಂಗಾಲು ಊರಿ ಜೋರಾಗಿ ದಬ್ಬಿದ. ಚಿಪ್ಪು ಕೆಸರು ಬಿಟ್ಟು ನೀರಿಗೆ ಜಾರಿತು. ಜಾರಿದ್ದೇ ತಡ, ಅಂಚಿನವರೆಗೆ ಇಳಿದುಬಿಟ್ಟಿತು. ಬೋರಣ್ಣನಿಗೆ ಅದೂ ಕಾಣಲಿಲ್ಲ, ಅವನ ಕಣ್ಣೆಲ್ಲ ಬೆಳಕಿನ ಮೇಲೆ. ನಾಲ್ಕು ಸಲ ಕಾಲು ಬಡಿದಿದ್ದನೋ ಇಲ್ಲವೋ, ಗುಡ್ಡದ ಕಡೆಯಿಂದ ಒಂದು ಅಲೆ ಬಂತು. ದೊಡ್ಡ ಅಲೆಯೇನಲ್ಲ, ಬೇರೆ ದಿನವಾಗಿದ್ದರೆ ಯಾರೂ ಲೆಕ್ಕಕ್ಕೆ ಇಡುತ್ತಿರಲಿಲ್ಲ. ಆದರೆ ನೀರು ಗುಳುಕ್ಕನೆ ಒಳಗೆ ನುಗ್ಗಿತು. ಚಿಪ್ಪು ಮಗುಚಿತು!

"ಅಯ್ಯಯ್ಯೋ! ಅಮ್ಮಾ!" ಎಂದು ಹುಳುಗಳೆಲ್ಲ ಕಿರುಚಿಕೊಂಡವು.

ಮಗುಚಿದ ಚಿಪ್ಪು ಬೋರಲಾಗಿ ತೇಲುತ್ತಿತ್ತು. ಬೋರಣ್ಣ ಮುಳುಗಿ, ಎದ್ದು, ಸಿಕ್ಕ ಸಿಕ್ಕ ಹುಳುವನ್ನು ಬೆನ್ನ ಮೇಲೆ ಹಾಕಿಕೊಂಡು ಚಿಪ್ಪಿನ ಬೆನ್ನಿಗೆ ಏರಿಸಿದ. ಕೆಂಚವ್ವನೂ ಸುಮ್ಮನಿರಲಿಲ್ಲ, ನೀರಿಗಿಳಿದು ಕೊಂಡಿಯ ತುದಿಯಲ್ಲಿ ಮೆಲ್ಲಗೆ ಒಂದೊಂದನ್ನೇ ಎತ್ತಿಕೊಟ್ಟಳು. ಇಬ್ಬರೂ ಸೇರಿ ಚಿಪ್ಪನ್ನು ಮತ್ತೆ ಜೊಂಡಿನ ದಡಕ್ಕೆ ಎಳೆದು ತಂದರು.

"ಎಲ್ಲರೂ ಬಂದ್ರಾ?" ಎಂದು ಬೋರಣ್ಣ ಏದುಸಿರು ಬಿಡುತ್ತಾ ಕೇಳಿದ.

"ನಮ್ಮ ನಿಂಗಿ ಎಲ್ಲಿ?" ಎಂದಳು ಅಕ್ಕ. ಆಮೇಲೆ ಅವಳು, "ನಿಂಗೀ! ನಿಂಗೀ!" ಎಂದು ಅಳುತ್ತಾ ಕೂಗತೊಡಗಿದಳು.

ಬೋರಣ್ಣ ಮತ್ತೆ ನೀರಿಗೆ ಹಾರಿದ. ಮುಳುಗಿ ನೋಡಿದ, ಕಾಣಲಿಲ್ಲ. ಎದ್ದು ನೋಡಿದ, ಕಾಣಲಿಲ್ಲ. ದಿಬ್ಬದ ಮೇಲಿಂದ ಹೊನ್ನಾಜಮ್ಮ ಮತ್ತು ಅವಳ ಜೊತೆಯವರು ಪಾಪ, ಸಹಾಯವಾಗಲಿ ಎಂದು ಇದ್ದಬದ್ದ ದೀಪವನ್ನೆಲ್ಲ ಬೆಳಗಿಸಿ ನಿಂತಿದ್ದರು. ನೀರೆಲ್ಲ ಥಳಥಳ ಹೊಳೆಯುತ್ತಿತ್ತು. ಆ ಥಳಥಳದಲ್ಲಿ ಮರಿಹುಳುವಿನ ಮಿಣುಕು ಎಲ್ಲಿ ಕಾಣಬೇಕು?

"ಹೊನ್ನಾಜಮ್ಮನವರೇ, ದೀಪ ಆರಿಸಿ!" ಎಂದು ಬೋರಣ್ಣ ಕೂಗಿದ.

"ಏನಂದೆ? ನನ್ನ ಬೆಳಕಿಲ್ಲದೆ ನಿನಗೇನಯ್ಯ ಕಾಣುತ್ತೆ?"

"ನಿಮ್ಮ ಬೆಳಕಿಂದಲೇ ಕಾಣ್ತಿಲ್ಲ ತಾಯಿ! ನಿಮ್ಮ ಕಾಲಿಗೆ ಬೀಳ್ತೀನಿ, ಆರಿಸಿ!"

ಹೊನ್ನಾಜಮ್ಮನಿಗೆ ಹುಟ್ಟಿದಾಗಿನಿಂದ ಯಾರೂ ಹಾಗೆ ಹೇಳಿರಲಿಲ್ಲ. ಅವಳಿಗೆ ಸಿಟ್ಟು ಬಂತು. ಆದರೆ ಅಷ್ಟರಲ್ಲಿ ಅಕ್ಕನ ಅಳು ಕೇಳಿಸಿತು. ಅವಳು ಹೊಟ್ಟೆ ಮುದುರಿ ದೀಪ ಆರಿಸಿದಳು. ಜೊತೆಯವರೂ ಆರಿಸಿದರು. ಜೊಂಡಿನ ಮೇಲಿದ್ದ ಸಣ್ಣವೂ ಆರಿಸಿದವು.

ಕೊಳ ಕಪ್ಪಾಯಿತು. ಬೋರಣ್ಣ ಕಣ್ಣು ಪಿಳುಕಿಸದೆ ನೋಡಿದ. ನೀರಿನ ಅಡಿಯಲ್ಲಿ, ಪಾಚಿಯ ಬುಡದಲ್ಲಿ, ಸಾಸಿವೆ ಕಾಳಿನಷ್ಟು ಹಸಿರು. ಇದೆ! ಆರಿಲ್ಲ!

ಅವನು ಧುಮುಕಿ, ಪಾಚಿ ಸೀಳಿ, ನಿಂಗಿಯನ್ನು ತುಟಿಯಲ್ಲಿ ಹಿಡಿದು ಮೇಲೆ ತಂದ. ಬಾಯಿಯೆಲ್ಲ ಕಹಿ. ಆ ಹೊತ್ತಿಗೆ ಆ ಕಹಿ ಅವನಿಗೆ ಬೆಲ್ಲವಾಗಿತ್ತು. ನಿಂಗಿ ಎರಡು ಸಲ ಕೆಮ್ಮಿ, ಅಕ್ಕನ ಕಾಲು ಹಿಡಿದುಕೊಂಡಳು. ಬೋರಣ್ಣ ಅಲ್ಲೇ ಕೂತು ಬಿಕ್ಕಿಬಿಕ್ಕಿ ಅತ್ತ.

"ಆಮೇಲೆ ಅಳು ಮಾರಾಯ" ಎಂದಳು ಕೆಂಚವ್ವ. "ನೀರು ಇನ್ನೂ ಏರ್ತಿದೆ. ಇವರನ್ನೆಲ್ಲ ದಾಟಿಸೋದು ಹೇಗೆ ಹೇಳು."

ದಾಟಿಸುವುದೇನೋ ಸರಿ, ಹತ್ತುವವರು ಯಾರು? "ನಾವು ಬರಲ್ಲ. ಮುಳುಗೋದಾದರೆ ನಮ್ಮ ಜೊಂಡಲ್ಲೇ ಮುಳುಗ್ತೀವಿ" ಎಂದು ಸಣ್ಣವು ಎಲೆ ಬಿಗಿಯಾಗಿ ಹಿಡಿದು ಕೂತವು. ಇನ್ನೂ ಒಂದು ಮಾತು ಬೋರಣ್ಣನ ತಲೆ ಕೊರೆಯುತ್ತಿತ್ತು. ಬೆಳಕು ಅರ್ಧ ಹೊರೆಯೂ ಇರಲಿಲ್ಲ, ಮತ್ತೆ ಚಿಪ್ಪು ಯಾಕೆ ಇಳಿಯಿತು?

ಅವನು ದಿಬ್ಬಕ್ಕೆ ಈಜಿ ಹೋಗಿ ಹೊನ್ನಾಜಮ್ಮನನ್ನು ಬೆನ್ನ ಮೇಲೆ ಕರೆತಂದ. "ತಾಯಿ, ಈ ಜೊಂಡಿನ ಎಲೆಯ ತುದಿಗೆ ಒಂದು ಸಲ ಕೂರಿ" ಎಂದ. ಕೂತಳು. ಎಲೆ ಬಾಗಿ ನೀರು ಮುಟ್ಟಿತು. ಅವಳನ್ನು ಇಳಿಸಿ, ನಿಂಗಿಯ ಅಕ್ಕನನ್ನು ಕೂರಿಸಿದ. ಬೋರಣ್ಣ ಅಂದುಕೊಂಡಿದ್ದು, ಎಲೆಗೆ ಗೊತ್ತೇ ಆಗುವುದಿಲ್ಲ ಎಂದು. ಆದರೆ ಎಲೆ ನೀರಿನ ಕಡೆಗೆ ಅರ್ಧ ಬಾಗಿತು! ಅವಳ ಜೊತೆಗೆ ಅವಳಷ್ಟೇ ಇರುವ ಇನ್ನೊಂದು ಹುಳುವನ್ನು ಕೂರಿಸಿದ. ಎಲೆ ನೀರು ಮುಟ್ಟಿತು.

"ಅಬ್ಬಬ್ಬಾ! ಇವರಿಬ್ಬರು ಸೇರಿದರೆ ಒಬ್ಬ ಹೊನ್ನಾಜಮ್ಮ!" ಎಂದು ಬೋರಣ್ಣ ಬಾಯಿ ಬಿಟ್ಟ. "ಹಾಗಾದರೆ ಬೆಳಕು? ಬೆಳಗಿಸಿ ನೋಡೋಣ."

ಇಬ್ಬರೂ ಬೆಳಗಿಸಿದರು. ಹೊನ್ನಾಜಮ್ಮನ ಪಕ್ಕದಲ್ಲಿ ಅದು ಲೆಕ್ಕಕ್ಕೇ ಇಲ್ಲ. ಇನ್ನೊಬ್ಬರು ಸೇರಿದರು, ಮತ್ತೊಬ್ಬರು ಸೇರಿದರು. ಹತ್ತು ಜನ ಸೇರಿದ ಮೇಲೆ ಒಬ್ಬ ಹೊನ್ನಾಜಮ್ಮನಷ್ಟು ಬೆಳಕಾಯಿತು.

ಕೆಂಚವ್ವ ಕೊಂಡಿ ತಟ್ಟಿದಳು. "ನೋಡಿದ್ಯಾ? ಮೈ ಅರ್ಧಕ್ಕೆ ಇಳಿದರೆ ಬೆಳಕು ಅರ್ಧಕ್ಕೆ ನಿಲ್ಲಲ್ಲ. ಹತ್ತರಲ್ಲಿ ಒಂದು ಪಾಲಿಗೆ ಬೀಳುತ್ತೆ. ನೀನು ಬೆಳಕು ತೂಗಿದೆ, ಚಿಪ್ಪು ಮೈ ತೂಗಿತು."

ಹೊನ್ನಾಜಮ್ಮ ಮಾತ್ರ ಆ ಎಲೆಯನ್ನೇ ನೋಡುತ್ತಿದ್ದಳು. "ನಾನು ಇವರಿಗಿಂತ ಎಷ್ಟೋ ಪಾಲು ದೊಡ್ಡವಳು ಅಂದ್ಕೊಂಡಿದ್ದೆ. ಬರೀ ಎರಡು ಪಾಲು!" ಎಂದಳು. ನಾಚಿಕೆಯಾಗಿತ್ತು ಅವಳಿಗೆ, ಜೊತೆಗೆ ಏನೋ ಒಂದು ಸಮಾಧಾನವೂ ಆಗಿತ್ತು.

ಬೋರಣ್ಣ ಚಿಪ್ಪನ್ನು ಈ ಸಲ ಕೆಸರಿನ ಮೇಲೆ ಊರಲಿಲ್ಲ, ನೀರಿನಲ್ಲೇ ತೇಲಿಸಿ ಹಿಡಿದ. "ದೊಡ್ಡವರು ಮೂವರಾದರೆ ನೀವು ಆರು ಜನ. ಏಳನೆಯವರು ಬಂದರೆ ನಾನೇ ಹತ್ತಿಸಲ್ಲ. ನನ್ನಿಂದ ತಪ್ಪಾಯ್ತು ಕಣ್ರವ್ವಾ. ನಿಮ್ಮನ್ನ ಹೊಟ್ಟು ಅಂದೆ, ಆ ಮಾತಿಗೆ ನನ್ನ ನಾಲಿಗೆ ಸೀಳಬೇಕು. ಇನ್ನೊಂದು ಸಲ ನಂಬಿ" ಎಂದ.

ಯಾರೂ ಅಲುಗಲಿಲ್ಲ. ನೀರು ಮಾತ್ರ ಜೊಂಡಿನ ಇನ್ನೊಂದು ಗೆಣ್ಣು ಮೇಲೇರಿತು. ಆಗ ನಿಂಗಿ, ಇನ್ನೂ ಮೈ ಒಣಗಿರದ ನಿಂಗಿ, ತೆವಳಿಕೊಂಡು ಬಂದು ಚಿಪ್ಪಿನೊಳಗೆ ಕೂತಳು.

"ಅಕ್ಕ, ಬಾರೇ. ಮುಳುಗಿದಾಗ ಹುಡುಕಿಕೊಂಡು ಬಂದವನು ತಾನೇ ಇವನು?" ಎಂದಳು.

ಅಕ್ಕ ಬಂದಳು. ಇನ್ನೂ ನಾಲ್ವರು ಬಂದರು. ಕೆಂಚವ್ವ ಪಕ್ಕದಲ್ಲೇ ಈಜುತ್ತಾ ಚಿಪ್ಪಿನ ಅಂಚು ನೋಡಿಕೊಂಡಳು. ಚಿಪ್ಪು ಅಲುಗಿತು, ಓಲಾಡಿತು, ಒಂದು ಹನಿ ನೀರೂ ಒಳಗೆ ಬರಲಿಲ್ಲ. ದಿಬ್ಬದ ಮೇಲೆ ಹೊನ್ನಾಜಮ್ಮನ ಜೊತೆಯವರು ದಾರಿ ಕಾಣಲೆಂದು ದೀಪ ಹಿಡಿದರು. ಬೋರಣ್ಣ ಹೋದ, ಬಂದ, ಮತ್ತೆ ಹೋದ. ಕಾಲು ಸೋತು ಕಲ್ಲಾದವು, ಆದರೂ ನಿಲ್ಲಿಸಲಿಲ್ಲ. ಕೊನೆಯ ಸಲ ಉಳಿದಿದ್ದವರನ್ನೂ ಹೊನ್ನಾಜಮ್ಮನನ್ನೂ ಕೂರಿಸಿಕೊಂಡು ದಿಬ್ಬ ಮುಟ್ಟಿ ತಿರುಗಿ ನೋಡಿದರೆ, ಜೊಂಡಿನ ಒಂದು ತುದಿಯೂ ಕಾಣುತ್ತಿರಲಿಲ್ಲ. ಅಲ್ಲಿದ್ದ ಒಂದು ಹುಳುವೂ ನೀರುಪಾಲಾಗಿರಲಿಲ್ಲ.

ಅಷ್ಟು ಹೊತ್ತಿಗೆ ಮಳೆ ನಿಂತಿತು. ಮೋಡ ಸರಿದು ಚುಕ್ಕಿಗಳು ಮೂಡಿದವು. ನಾಲ್ಕಾರು ದೊಡ್ಡವು ಪ್ರಜ್ವಲಿಸುತ್ತಿದ್ದವು. ಅವುಗಳ ನಡುವೆ ಕಂಡೂ ಕಾಣದಂಥ ಒಂದು ಸಣ್ಣ ಚುಕ್ಕಿ ನಿಂಗಿಯ ಕಣ್ಣಿಗೆ ಬಿತ್ತು.

"ಬೋರಣ್ಣ, ಅದು ಎಷ್ಟು ತೂಕ ಇರಬಹುದು?"

ಮಕ್ಕಳೇ, ಆಕಾಶ ಬಲ್ಲವರು ಇದಕ್ಕೆ ಉತ್ತರ ಹೇಳುತ್ತಾರೆ, ಕೇಳಿ. ಸಣ್ಣ ನಕ್ಷತ್ರಗಳ ಪಾಡೂ ಹೀಗೆಯೇ. ತೂಕ ಒಂದಿಷ್ಟು ಇಳಿದರೆ ಬೆಳಕು ಬಹಳಷ್ಟು ಇಳಿದುಬಿಡುತ್ತದೆ. ಹಾಗೆ ಮಂಕಾಗಿ ಕಣ್ಣಿಗೇ ಬೀಳದ ಸಣ್ಣ ನಕ್ಷತ್ರಗಳೇ ಆಕಾಶದಲ್ಲಿ ಹೆಚ್ಚು, ಎಲ್ಲವನ್ನೂ ಕೂಡಿಸಿದರೆ ಅವುಗಳ ಭಾರವೇನೂ ಕಡಿಮೆಯಲ್ಲ. ಇದ್ದದ್ದನ್ನು ಮೆಲ್ಲಗೆ ಉರಿಸುವುದರಿಂದ, ಧಗಧಗ ಉರಿದ ದೊಡ್ಡವು ಆರಿಹೋದ ಎಷ್ಟೋ ಕಾಲದ ಮೇಲೂ ಅವು ಬೆಳಗುತ್ತಲೇ ಇರುತ್ತವೆ. ಒಂದನ್ನೊಂದು ಸುತ್ತುವ ಜೋಡಿ ನಕ್ಷತ್ರಗಳಲ್ಲಿ ಯಾವುದು ಯಾವುದನ್ನು ಎಷ್ಟು ಎಳೆದಾಡುತ್ತದೆ ಎಂದು ನೋಡಿಯೇ ಆಕಾಶ ಬಲ್ಲವರು ತೂಕ ತಿಳಿಯುತ್ತಾರೆ.

ಇದೆಲ್ಲ ಬೋರಣ್ಣನಿಗೆ ಎಲ್ಲಿಂದ ಗೊತ್ತಾಗಬೇಕು? ಅವನು ಆ ಚುಕ್ಕಿಯನ್ನು ನೋಡಿದ. ಬಾಯಿಯ ತುದಿಗೆ ಬಂದ ಉತ್ತರವನ್ನು ನುಂಗಿಕೊಂಡ.

"ಇಲ್ಲಿಂದ ನೋಡಿ ಹೇಳಲಾರೆ ಕಣವ್ವ" ಎಂದ. "ಒಂದು ದಿನ ಇಳಿದು ಬಂದು ನನ್ನ ಹರಿಗೋಲಲ್ಲಿ ಕೂತರೆ, ಆಗ ಹೇಳ್ತೀನಿ."

ನೀತಿ: ಹೊಳಪು ನೋಡಿ ತೂಕ ಹೇಳಬಾರದು, ಮಂಕಾಗಿ ಕಾಣುವವರೂ ನಾವು ಎಣಿಸಿದ್ದಕ್ಕಿಂತ ಗಟ್ಟಿಯಾಗಿರುತ್ತಾರೆ.