ಪಿಂಡ ಮುಟ್ಟದ ಕಾಗೆಗಳು

“ಪ್ರಭು, ಇಷ್ಟು ದೊಡ್ಡ ಜ್ವರ ಬಂದು ಹೋಯಿತು. ಸತ್ತವರು ಹನ್ನೊಂದೇ ಜನ. ಇಂಥ ಆಡಳಿತ ಬೇರೆಲ್ಲೂ ಇಲ್ಲ,” ಎಂದ ಮಂತ್ರಿ ತಿಪ್ಪರಸ.

ಹೊಸಗಡದ ದೊರೆ ಸೋಮಭೂಪನಿಗೆ ಸಂತೋಷವಾಯಿತು. “ಹಾಗಾದರೆ ರೋಗಿಗಳ ಚಪ್ಪರಗಳನ್ನು ನಾಳೆಯೇ ಕೀಳಿಸು. ವೈದ್ಯರು ಮನೆಗೆ ಹೋಗಲಿ.”

ಆಸ್ಥಾನದ ಜಾಣ ಕೇತಣ್ಣ ಅಲ್ಲೇ ನಿಂತಿದ್ದ. ಅವನ ತಂಗಿ ಸಿದ್ದವ್ವ ಅಂಥದೊಂದು ಚಪ್ಪರದಲ್ಲೇ ಮಲಗಿದ್ದಳು. ವೈದ್ಯರು ಮನೆಗೆ ಹೋದರೆ ಅವಳು ಮಸಣಕ್ಕೆ ಹೋಗುತ್ತಾಳೆಂದು ಅವನಿಗೆ ಗೊತ್ತಿತ್ತು.

ಮಂತ್ರಿಯ ಲೆಕ್ಕದ ರೀತಿಯೂ ಗೊತ್ತಿತ್ತು. ಅರಮನೆಯ ವೈದ್ಯ ನಾಡಿ ಹಿಡಿದು ‘ಇದು ಆ ಜ್ವರವೇ’ ಎಂದ ಮೇಲೆ ಸತ್ತರೆ ಮಾತ್ರ ಲೆಕ್ಕಕ್ಕೆ. ಅಂದರೆ, ವೈದ್ಯ ಬರುವ ಮೊದಲೇ ಸತ್ತವನು ಜ್ವರದಿಂದ ಸತ್ತಂತಲ್ಲ. ಇದನ್ನು ನೇರವಾಗಿ ಹೇಳಿದರೆ ದೊರೆ ನಂಬುವುದಿಲ್ಲ.

“ಪ್ರಭು, ತಮ್ಮನ್ನು ಎತ್ತಿ ಆಡಿಸಿದ ದಾದಿ ನಾಗವ್ವನ ಪಿಂಡ ನಾಳೆಯಲ್ಲವೇ? ಅರಮನೆಯ ಕೊಳದ ಬದಲು ಊರ ಹೊಳೆದಂಡೆಯಲ್ಲಿ ಇಟ್ಟರೆ ಜನ ಮೆಚ್ಚುತ್ತಾರೆ. ಚಪ್ಪರ ಕೀಳಿಸುವುದು ಊಟವಾದ ಮೇಲಾಗಲಿ,” ಎಂದ ಕೇತಣ್ಣ.

“ಆಗಲಿ,” ಎಂದ ದೊರೆ.

ಪಿಂಡವೆಂದರೆ ಸತ್ತವರಿಗಾಗಿ ಇಡುವ ಅನ್ನದ ಉಂಡೆ. ಅದನ್ನು ಕಾಗೆ ಮುಟ್ಟುವವರೆಗೂ ಇಟ್ಟವರು ಉಣ್ಣುವಂತಿಲ್ಲ. ಮುಟ್ಟದಿದ್ದರೆ ಸತ್ತವರಿಗೆ ಏನೋ ಕೊರಗು ಉಳಿದಿದೆ ಎಂದರ್ಥ.

ಮರುದಿನ ದೊರೆ ಪಿಂಡವಿಟ್ಟು ಕಾದ. ಕಾಗೆಗಳು ಅರಳಿಮರದಲ್ಲೇ ಇದ್ದವು, ಇಳಿಯಲಿಲ್ಲ. ಒಂದು ಮಾತ್ರ ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿತು. ಬಿಸಿಲೇರಿತು. ದೊರೆಯ ಹೊಟ್ಟೆ ಚುರುಗುಟ್ಟಿತು.

“ನಾಗವ್ವನಿಗೆ ನನ್ನ ಮೇಲೆ ಕೋಪವೇ, ಕೇತಣ್ಣ?”

“ಇಲ್ಲ ಪ್ರಭು. ಕಾಗೆಗಳಿಗೆ ಹೊಟ್ಟೆ ತುಂಬಿದೆ.”

“ಯಾರು ತುಂಬಿಸಿದರು?”

ಕೇತಣ್ಣ ದಂಡೆಯತ್ತ ಕೈ ತೋರಿಸಿದ. ಬೆಳಗಿನಿಂದ ಕಾಗೆಗಳು ತಿಂದದ್ದು ಹೋಗಿ ಇನ್ನೂ ಕಣ್ಣು ಹಾಯುವವರೆಗೂ ಪಿಂಡಗಳು. ಒಂದೊಂದರ ಹಿಂದೆಯೂ ಹಸಿದು ಕುಳಿತ ಒಂದೊಂದು ಮನೆಯವರು.

ಜೊತೆಯಲ್ಲಿದ್ದ ಮಂತ್ರಿ ನಡುವೆ ಬಾಯಿ ಹಾಕಿದ. “ಇವರೆಲ್ಲ ಜ್ವರದಿಂದ ಸತ್ತವರಲ್ಲ ಪ್ರಭು. ಮುಪ್ಪು, ಕೆಮ್ಮು, ಮರದಿಂದ ಬಿದ್ದದ್ದು. ಪ್ರತಿವರ್ಷ ಇದ್ದದ್ದೇ.”

“ಇದ್ದದ್ದೇ,” ಎಂದು ಕೇತಣ್ಣ ಒಪ್ಪಿಕೊಂಡ. “ಹೋದ ವರ್ಷವೂ ಜನಕ್ಕೆ ಮುಪ್ಪಿತ್ತು, ಊರಲ್ಲಿ ಮರಗಳಿದ್ದವು. ಆಗ ಒಂದು ಪಿಂಡಕ್ಕೆ ಹತ್ತು ಕಾಗೆ ಕಿತ್ತಾಡುತ್ತಿದ್ದವು. ಈ ವರ್ಷ ಊರಿಗೆ ಹೊಸದಾಗಿ ಬಂದದ್ದು ಜ್ವರ ಒಂದೇ.”

“ಮತ್ತೆ ಆ ಹನ್ನೊಂದು?”

“ಅದು ಕಾರಣ ಕೇಳಿ ಎಣಿಸಿದ ಲೆಕ್ಕ ಪ್ರಭು. ಕಾಗೆ ಕಾರಣ ಕೇಳುವುದಿಲ್ಲ.”

ದೊರೆ ದಂಡೆಯ ಪಿಂಡಗಳನ್ನು ಎಣಿಸುತ್ತ ಹೋಗಿ, ಹನ್ನೊಂದು ದಾಟಿದ ಮೇಲೆ ಬಿಟ್ಟ. ಆಮೇಲೆ, ಖಾಲಿ ಹೊಟ್ಟೆಯಲ್ಲಿ ಎಷ್ಟು ಸಾಧ್ಯವೋ ಅಷ್ಟು ನಕ್ಕ.

“ಚಪ್ಪರಗಳು ಇರಲಿ, ಇನ್ನಷ್ಟು ಹಾಕಿಸಿ. ಜ್ವರ ಮುಗಿದದ್ದನ್ನು ಕಾಗೆಗಳೇ ಹೇಳಲಿ. ತಿಪ್ಪರಸ, ಅವಕ್ಕೆ ಹಸಿವಾಗುವವರೆಗೆ ನೀನು ಇಲ್ಲೇ ಕುಳಿತು ಕಾಯಿ.”

“ನನ್ನ ಊಟ, ಪ್ರಭು?”

ದೊರೆ ಕೇತಣ್ಣನ ಮುಖ ನೋಡಿದ.

“ಕಾಗೆ ಮುಟ್ಟಿದ ಮೇಲೆ, ಮಂತ್ರಿಗಳೇ,” ಎಂದ ಕೇತಣ್ಣ.