ಸೊನ್ನೆಗಿಳಿದ ಮುಳ್ಳು

ಗ್ಯಾರೇಜಿನಲ್ಲಿ ಚಾರ್ಜಿಗಿಟ್ಟಿದ್ದ ಕಾರಿನ ಬ್ಯಾಟರಿಗೆ ಬೆಳಿಗ್ಗೆಯಿಂದ ಭಾರೀ ಜಂಭ. ಚಾರ್ಜರಿನ ಮುಳ್ಳು ಹತ್ತರ ಮೇಲೆ ನಿಂತಿದ್ದು ತನ್ನ ಶಕ್ತಿಯಿಂದಲೇ ಎಂದುಕೊಂಡಿತ್ತು. ಸಂಜೆ ಮುಳ್ಳು ಒಂದಕ್ಕಿಳಿದಾಗ ಅದು ಗಾಬರಿಯಿಂದ ಕೇಳಿತು:

“ಚಾರ್ಜರಣ್ಣ, ನನ್ನನ್ನಿನ್ನು ಗುಜರಿಗೆ ಹಾಕುತ್ತಾರೆಯೇ?”

“ಮುಳ್ಳು ತೋರಿಸುವುದು ನಿನ್ನ ಶಕ್ತಿಯನ್ನಲ್ಲ ತಮ್ಮಾ, ನೀನು ಉಣ್ಣುವ ವೇಗವನ್ನು. ಬೆಳಿಗ್ಗೆ ಹಸಿದಿದ್ದೆ, ಗಬಗಬನೆ ತಿಂದೆ. ಈಗ ಹೊಟ್ಟೆ ತುಂಬಿದೆ, ಮುಳ್ಳು ಇಳಿದಿದೆ.”

ಬ್ಯಾಟರಿಗೆ ಜ್ಞಾನೋದಯವಾಯಿತು. ಅಷ್ಟರಲ್ಲಿ ಮೆಕ್ಯಾನಿಕ್ ಅದಕ್ಕೆ ಸಿಕ್ಕಿಸಿದ್ದ ಚಾರ್ಜರಿನ ಕ್ಲಿಪ್ಪುಗಳನ್ನು ಬಿಚ್ಚಿ, ಪಕ್ಕದಲ್ಲಿ ಲಾರಿಯ ಹಳೇ ಬ್ಯಾಟರಿಯೊಂದನ್ನು ತಂದಿಟ್ಟು ಚಹಾಕ್ಕೆ ಹೋದ. ಮುಳ್ಳು ಸೊನ್ನೆಯಲ್ಲಿತ್ತು.

ನಮ್ಮ ಬ್ಯಾಟರಿ ಬಲು ಭಕ್ತಿಯಿಂದ ಪಿಸುಗುಟ್ಟಿತು: “ಮುಳ್ಳು ಅಲ್ಲಾಡುತ್ತಲೇ ಇಲ್ಲ. ಇವರು ತುಂಬಿದ ಕೊಡ, ಮಹಾತ್ಮರು.”

“ಸ್ವಲ್ಪ ತಡಿ ಮಾರಾಯ,” ಎಂದಿತು ಚಾರ್ಜರ್. “ಆ ಮಹಾತ್ಮರಿಗೆ ಇನ್ನೂ ಕ್ಲಿಪ್ಪೇ ಹಾಕಿಲ್ಲ.”