ಮನೆಯಿಂದಲೇ ಆಸ್ಥಾನ, ಬಾವಿಯಲ್ಲಿ ಚಪ್ಪಲಿ

ಒಂದಾನೊಂದು ಊರಿನಲ್ಲಿ, ಹೆಸರು ಕೇಳಬೇಡಿ, ಕೇಳಿದರೆ ಊರು ನಾಚಿಕೊಂಡು ಎದ್ದುಹೋಗುತ್ತದೆ, ಕೆಂಚಪ್ಪನಾಯಕ ಅಂತ ಒಬ್ಬ ದೊರೆ ಇದ್ದ. ಅವನ ಆಸ್ಥಾನಕ್ಕೆ ದಿನಾ ಮೂವತ್ತೆರಡು ಜನ ಬರುತ್ತಿದ್ದರು. ಬಂದವರೂ ದೊರೆಯೂ ಬಾಗಿಲಾಚೆ ಚಪ್ಪಲಿ ಬಿಡುತ್ತಿದ್ದರು. ಹೋಗುವಾಗ ಯಾರ ಚಪ್ಪಲಿ ಯಾರ ಕಾಲಿಗೋ! ಒಂದು ದಿನ ದೊರೆಯ ಪಾಲಿಗೇ ಎರಡೂ ಎಡಗಾಲಿನವು ಉಳಿದವು. ಎರಡೂ ಎಡಗಾಲಿನವಾದರೆ ಮನುಷ್ಯ ಎಡಕ್ಕೇ ತಿರುಗಬೇಕಲ್ಲ? ಊಟಕ್ಕೆ ಹೊರಟವನು ಎಡಕ್ಕೆ, ಎಡಕ್ಕೆ, ಎಡಕ್ಕೆ ತಿರುಗಿ ಅರಮನೆಯನ್ನು ಮೂರು ಸುತ್ತು ಹಾಕಿದ. ಬಿಚ್ಚಿ ನಡೆಯಬಹುದಿತ್ತಲ್ಲ ಅಂತೀರಾ? ಆಸ್ಥಾನದ ಒಳಗೂ ಬರಿಗಾಲು, ಹೊರಗೂ ಬರಿಗಾಲು ಅಂದರೆ ದೊರೆ ಹೇಗಾದ? ಅಷ್ಟರಲ್ಲಿ ಸಾರು ತಣ್ಣಗಾಯಿತು.

ತಣ್ಣನೆ ಸಾರು ಕುಡಿದವನಿಗೆ ತಲೆ ಬಿಸಿಯಾಯಿತು. "ನಾಳೆಯಿಂದ ಯಾರೂ ಬರಕೂಡದು. ಅವರವರ ಮನೆಯಲ್ಲೇ ಕೂರಲಿ. ಆದರೆ ಆಸ್ಥಾನ ನಡೀಬೇಕು. ಮುಖ ಕಾಣಬೇಕು, ಮಾತು ಕೇಳಬೇಕು," ಅಂದ.

ಅದಕ್ಕೊಂದು ಸಾಧನ ಹುಡುಕುವ ಕೆಲಸ ಯಾರ ತಲೆಗೆ ಬಿತ್ತು? ಡಂಗುರದ ಸಣ್ಣೀರವ್ವನ ತಲೆಗೆ. ಊರಿನ ಪ್ರತಿ ಬಾಗಿಲೂ ಬಲ್ಲವಳು ಅವಳು.

"ಸೋಮವಾರದೊಳಗೆ ಹುಡುಕು ಸಣ್ಣೀರವ್ವ. ಸಿಗಲಿಲ್ಲವೋ, ನಿನ್ನ ತಮಟೆಯ ಚರ್ಮ ಕೊಯ್ದು ನನಗೆ ಹೊಸ ಚಪ್ಪಲಿ ಹೊಲಿಸ್ತೀನಿ."

"ಆಗಲಿ ಬುದ್ಧಿ," ಅಂದಳು. ಹೊರಗೆ ಬಂದು ತಮಟೆ ತಬ್ಬಿಕೊಂಡು ಗೊಳೋ ಅಂತ ಅತ್ತಳು. ಅದು ಅವಳ ಅವ್ವನ ತಮಟೆ. ಅವ್ವ ಹೋದಮೇಲೆ ಮನೆಯಲ್ಲಿ ಅವಳ ಜೊತೆ ಮಾತಾಡುತ್ತಿದ್ದದ್ದು ಅದೊಂದೇ.

"ಅಳಬೇಡ ಕಣೆ," ಅಂತು ತಮಟೆ. "ಸಾಧನ ಸಿಕ್ಕಿದರೆ ಡಂಗುರ ಯಾರಿಗೆ ಬೇಕು, ನಾನು ಮೂಲೆಗೆ. ಸಿಗದಿದ್ದರೆ ದೊರೆಯ ಕಾಲಿಗೆ. ಕಾಲಿಗಿಂತ ಮೂಲೆ ವಾಸಿ. ನಡಿ."

ಮೊದಲು ಕನ್ನಡಿ ಮುಂದೆ ಬಂತು. "ನನ್ನಷ್ಟು ಸ್ಪಷ್ಟ ಯಾರೂ ತೋರಿಸಲ್ಲ." ಮಂತ್ರಿ ಪುಟ್ಟಸೋಮಯ್ಯನ ಮನೆಯಲ್ಲಿ ಇಟ್ಟು ನೋಡಿದರು. ಅವನಿಗೆ ಅವನ ಮುಖವೇ ಕಂಡಿತು. ಇಡೀ ದಿನ ಮೀಸೆ ತೀಡುತ್ತಾ ಕೂತು, "ಇವತ್ತಿನ ಸಭೆ ಬಲು ಚೆನ್ನಾಗಿತ್ತು," ಅಂದ. ಕನ್ನಡಿ ಬೇಡ ಅಂದಳು ಸಣ್ಣೀರವ್ವ.

ಆಮೇಲೆ ಮಡಕೆ ಬಂತು. "ನನ್ನೊಳಗೆ ಮಾತಾಡಿ ಮುಚ್ಚಳ ಮುಚ್ಚಿ, ಬೆಳಿಗ್ಗೆ ಅರಮನೆಯಲ್ಲಿ ತೆಗೀರಿ." ಮುಚ್ಚಿಟ್ಟರು. ಬೆಳಿಗ್ಗೆ ತೆಗೆದರೆ ಮಾತು ದೋಸೆ ಹಿಟ್ಟಿನ ಹಾಗೆ ಉಕ್ಕಿತ್ತು. "ಸರಿ" ಅಂತ ಹಾಕಿದ್ದು "ಸರೀನೋ, ತಪ್ಪೋ, ನಾನರಿಯೆ" ಅಂತ ಹೊರಬಂತು, ಅದೂ ಹುಳಿಹುಳಿ. ಮಡಕೆಯೂ ಬೇಡ ಅಂದಳು.

ಭಾನುವಾರವೂ ಮುಗಿಯುತ್ತಾ ಬಂತು. ಬೀದಿ ಬೀದಿ ಕೂಗಿ ಕೂಗಿ ಸಣ್ಣೀರವ್ವನ ಗಂಟಲು ಒಣಗಿತ್ತು. ನೀರು ಸೇದಲು ಬಾವಿಗೆ ಬಗ್ಗಿದಳು.

ಬಾವಿ ಕೇಳಿತು, "ನಾನಿಲ್ಲವೇನೇ? ಊರಿನ ಬಾವಿಗಳೆಲ್ಲ ಒಳಗೊಳಗೇ ನೆಂಟರು. ಇಲ್ಲಿ ಬಗ್ಗಿದ ಮುಖ ಅಲ್ಲಿ ಕಾಣುತ್ತೆ. ಅಲ್ಲಿ ಆಡಿದ ಮಾತು ಇಲ್ಲಿ ಕೇಳುತ್ತೆ. ಆದರೆ ಪುಕ್ಕಟೆ ಅಲ್ಲ."

"ಏನು ಬೇಕಪ್ಪ?"

"ಬಾಯಾರಿಕೆ. ಹುಟ್ಟಿದಾಗಿನಿಂದ ನೀರಲ್ಲೇ ಇದೀನಿ. ಬಾಯಾರೋದು ಅಂದರೇನು ಅಂತಲೇ ಗೊತ್ತಿಲ್ಲ."

ಅಷ್ಟೇ ತಾನೇ! ಸಣ್ಣೀರವ್ವ ಬಾಯಿ ತೆರೆದು ಬಾವಿಯೊಳಕ್ಕೆ ಒಂದು ಸಲ 'ಉಸ್' ಅಂದಳು. ಅವಳ ಬಾಯಾರಿಕೆಯೆಲ್ಲ ಬಾವಿಗಿಳಿಯಿತು.

ಸೋಮವಾರ ಮೂವತ್ತೆರಡು ಜನ ಮೂವತ್ತೆರಡು ಹಿತ್ತಲಲ್ಲಿ ಬಾವಿಗೆ ಬಗ್ಗಿದರು. ದೊರೆ ಅರಮನೆಯ ಬಾವಿಗೆ ಬಗ್ಗಿದ.

"ಕೇಳಿಸ್ತಿದೆಯಾ?"

"ಕೇಳಿಸ್ತಿದೆ, ಕಾಣಿಸ್ತಿಲ್ಲ."

"ಕಾಣಿಸ್ತಿದೆ, ಕೇಳಿಸ್ತಿಲ್ಲ."

"ಯಾರ ಮನೆಯ ಎಮ್ಮೆ ಅದು? ಸ್ವಲ್ಪ ಆಚೆ ಕಟ್ರಪ್ಪ!"

ಅಷ್ಟರಲ್ಲಿ ಪುಟ್ಟಸೋಮಯ್ಯನ ಹೆಂಡತಿ ಕೊಡ ಇಳಿಬಿಟ್ಟಳು. ಮಂತ್ರಿಯ ಅರ್ಧ ಮುಖ ಕೊಡದೊಳಗೆ ಹೋಯಿತು. ಉಳಿದರ್ಧ, "ಅಪ್ಪಣೆ ಬುದ್ಧಿ," ಅಂತು. ಅಂತೂ ಸಭೆ ಶುರುವಾಯಿತು. ಸಣ್ಣೀರವ್ವ ತಮಟೆ ಸವರಿ ನಿಟ್ಟುಸಿರು ಬಿಟ್ಟಳು. ಬದುಕಿತು ಬಡಜೀವ.

ಆದರೆ ಒಂದು ಎಡವಟ್ಟಾಗಿತ್ತು. ಎಲ್ಲಿ ಕೂತರೂ ಆಸ್ಥಾನ ಆಸ್ಥಾನವೇ ತಾನೇ? ಚಪ್ಪಲಿ ಹಾಕಿಕೊಂಡು ದೊರೆಯ ಮುಖ ನೋಡೋದುಂಟೇ? ಎಲ್ಲರೂ ಮರ್ಯಾದೆಯಿಂದ ಚಪ್ಪಲಿ ಬಿಚ್ಚಿ ಬಾವಿಕಟ್ಟೆಯ ಮೇಲೆ ಇಟ್ಟಿದ್ದರು. ದೊರೆಯೂ ಇಟ್ಟಿದ್ದ. ಬಾವಿಗೋ ಹೊಸ ಬಾಯಾರಿಕೆ! ತನ್ನ ನೀರು ಕುಡಿದರೆ ತಾನೇ ಬತ್ತಬೇಕು. ಹಾಗಾಗಿ ಕಟ್ಟೆಯ ಮೇಲಿದ್ದದ್ದನ್ನೆಲ್ಲ ಗಟಗಟ ಕುಡಿದುಬಿಟ್ಟಿತು. ಚಪ್ಪಲಿ ಗಂಟಲಲ್ಲಿ ಇಳಿಯುತ್ತದೆಯೇ? ಬಿಕ್ಕಳಿಕೆ ಬಂತು. ಒಂದೊಂದು ಬಿಕ್ಕಳಿಕೆಗೆ ಒಂದೊಂದು ಬಾವಿಯಿಂದ ಚಪ್ಪಲಿ ಹಾರಿತು. ಇಲ್ಲಿಯದು ಅಲ್ಲಿ, ಅಲ್ಲಿಯದು ಎಲ್ಲೋ. ದೊರೆಯ ಮೂಗಿಗೆ ಒಂದು ಬಿತ್ತು.

"ಯಾರದಿದು?" ಅಂತ ದೊರೆ ಬಾವಿಯಲ್ಲಿ ಕೂಗಿದ. "ಬಿಕ್," ಅಂತು ಬಾವಿ. ಮುಖವೂ ಇಲ್ಲ, ಮಾತೂ ಇಲ್ಲ, ಬರೀ ಬಿಕ್.

ಸಣ್ಣೀರವ್ವ ತಮಟೆಯನ್ನು ಎದೆಗವಚಿಕೊಂಡಳು. ಸಾಧನ ಕೆಟ್ಟಮೇಲೆ ಕತ್ತಿ ತಮಟೆಗೇ.

"ನಾನು ಚಪ್ಪಲಿ ಆಗೋ ಮುಂಚೆ ಒಂದು ಸಲ ಬಾರಿಸೇ," ಅಂತು ತಮಟೆ.

ಅಳುತ್ತಲೇ ಬಾರಿಸಿದಳು. ಅವ್ವ ಬಾರಿಸುತ್ತಿದ್ದ ಹಾಗೆ ಬಾರಿಸಿದಳು. "ಚಪ್ಪಲಿ ಸಿಕ್ಕಿದವರು ಚೌಕಕ್ಕೆ ಬನ್ನಿರಪ್ಪೋ!" ಮೂವತ್ತೆರಡು ಜನ ಬರಿಗಾಲಲ್ಲಿ, ಕೈಯಲ್ಲಿ ಕಂಡವರ ಚಪ್ಪಲಿ ಹಿಡಿದು ಓಡಿಬಂದರು. ದೊರೆಯೂ ಬರಿಗಾಲಲ್ಲೇ ಬಂದ. ಬರಿಗಾಲು ನೋಡಿ, ನೆಟ್ಟಗೆ ಬಂದ.

ಈ ಸಲ ಚಪ್ಪಲಿಯನ್ನು ಯಾರೂ ಕೆಳಗೆ ಬಿಡಲಿಲ್ಲ. ಎಲ್ಲರೂ ಕೈಯೆತ್ತಿ ತೋರಿಸಿದರು. "ಅದು ನಂದು, ಇದು ನಿಂದು," ಅಂತ ಕ್ಷಣದಲ್ಲಿ ಎಲ್ಲ ಜೊತೆಗೂಡಿತು. ದೊರೆಯ ಬಲಗಾಲಿನದು ಎಲ್ಲಿತ್ತು? ಇಷ್ಟು ದಿನ ಪುಟ್ಟಸೋಮಯ್ಯನ ಕಾಲಲ್ಲಿತ್ತು.

"ಅದಕ್ಕೇ ಬುದ್ಧಿ," ಅಂದ ಮಂತ್ರಿ, "ಪೇಟೆಗೆ ಹೊರಟರೆ ಬಲಕ್ಕೆ ತಿರುಗಿ ತಿರುಗಿ ಹಿತ್ತಲಿಗೇ ಬರ್ತಿದ್ದೆ!"

ದೊರೆ ತನ್ನ ಚಪ್ಪಲಿ ಮೆಟ್ಟಿದ. ತಮಟೆಯ ಕಡೆ ನೋಡಿದ. ಸಣ್ಣೀರವ್ವ ಅದನ್ನು ಸೆರಗಲ್ಲಿ ಮುಚ್ಚಿಕೊಂಡಳು.

"ತಮಟೆ ಹೊರಗೆ ತೆಗಿಯಮ್ಮ, ನನಗೆ ಚಪ್ಪಲಿ ಸಿಕ್ತಲ್ಲ," ಅಂದ. "ನಾಳೆಯಿಂದ ಆಸ್ಥಾನ ಈ ಚೌಕದಲ್ಲಿ. ಚಪ್ಪಲಿ ಅವರವರ ಕಂಕುಳಲ್ಲಿ. ಕರೆಯೋದು ಮಾತ್ರ ನಿನ್ನ ತಮಟೆ."

ಬಾವಿ ಬಿಕ್ಕಳಿಸುತ್ತಾ, "ನಿನ್ನ ಬಾಯಾರಿಕೆ ನೀನೇ ಇಟ್ಕೊಳ್ಳೇ ತಾಯಿ," ಅಂತ ವಾಪಸು ಕೊಟ್ಟಿತು. ಸಣ್ಣೀರವ್ವ ಒಂದು ಕೊಡ ನೀರು ಸೇದಿ, ಅರ್ಧ ಕುಡಿದು, ಉಳಿದರ್ಧದಲ್ಲಿ ಮುಖ ತೊಳೆದುಕೊಂಡಳು. ಆ ನೀರಲ್ಲಿ ಮಂತ್ರಿಯ ಅರ್ಧ ಮುಖ ಇತ್ತೋ ಇಲ್ಲವೋ, ಅವಳು ನೋಡಲಿಲ್ಲ.

ಇದರಿಂದ ತಿಳಿಯೋದೇನಪ್ಪಾ ಅಂದರೆ, ಬಾವಿಗೆ ಬಾಯಾರಿಕೆ ಕೊಡಬಾರದು. ಕತೆ ಅಲ್ಲಿ ಮುಗೀತು, ನನ್ನ ಗಂಟಲು ಇಲ್ಲಿ ಒಣಗಿತು. ಯಾರಾದರೂ ಒಂದು ಚೊಂಬು ನೀರು ತನ್ನಿ. ಮತ್ತೆ ಹೋಗುವಾಗ ಕಣ್ಣುಬಿಟ್ಟು ನೋಡಿ, ನಿಮ್ಮ ಚಪ್ಪಲಿಯನ್ನೇ ಹಾಕಿಕೊಳ್ಳಿ.